ಫ್ರೆಡ್ಡಿ ಮರ್ಕ್ಯುರಿ: ಮುಚ್ಚಿದ ಬಾಗಿಲಿನ ಹಿಂದೆ ಇದ್ದದ್ದೇನು?

ಹೋದ ಸಲ ಬ್ರಿಟನ್ನಿನ ರಾಕ್ ಬ್ಯಾಂಡ್ ಕ್ವೀನ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲವೂ ಒಬ್ಬನ ಮೇಲೆಯೇ. ಅವನ ಹುಟ್ಟು, ಅವನ ಹಾಡು, ಅವನು ಮುಚ್ಚಿಟ್ಟ ಏಡ್ಸ್ ಕಾಯಿಲೆ. ಈ ಸಲ ಪೂರ್ತಿ ಜಾಗ ಆ ಬ್ಯಾಂಡಿನ ಗಾಯಕ ಫ್ರೆಡ್ಡಿಗೇ ಬಿಡುತ್ತಿದ್ದೇನೆ.

ಫ್ರೆಡ್ಡಿ ಮರ್ಕ್ಯುರಿ ನಮ್ಮ ದೇಶದವರು ಅಂತ ವಾಟ್ಸ್ಆ್ಯಪ್‌ನಲ್ಲಿ ಆಗಾಗ ಬರುತ್ತೆ. ನಿಜವೇ? ನಿಜವಾದರೆ ಅದನ್ನು ಯಾಕೆ ಮುಚ್ಚಿಟ್ಟರು? (ದಾವಣಗೆರೆಯ ಓದುಗರು)

ಅರ್ಧ ನಿಜ. ಫ್ರೆಡ್ಡಿ ಹುಟ್ಟಿದ್ದು 1946ರ ಸೆಪ್ಟೆಂಬರ್ 5ರಂದು, ಆಫ್ರಿಕಾದ ಪೂರ್ವ ಕರಾವಳಿಯ ಜಾಂಜಿಬಾರ್ ದ್ವೀಪದಲ್ಲಿ. ಮನೆಯವರು ಇಟ್ಟ ಹೆಸರು ಫಾರುಖ್ ಬಲ್ಸಾರಾ. ಗುಜರಾತ್ ಮೂಲದ ಪಾರ್ಸಿ ಕುಟುಂಬ. ಮನೆತನದ ಹೆಸರೇ ಬಲ್ಸಾರ್‌ನಿಂದ, ಅಂದರೆ ಈಗಿನ ವಲ್ಸಾಡ್ ಊರಿನಿಂದ ಬಂದದ್ದು. ಅಪ್ಪ ಬೋಮಿ ಜಾಂಜಿಬಾರ್‌ನಲ್ಲಿ ಬ್ರಿಟಿಷ್ ಸರ್ಕಾರದ ಕೆಲಸದಲ್ಲಿ ಕ್ಯಾಷಿಯರ್ ಆಗಿದ್ದರು.

ಎಂಟು ವರ್ಷದ ಹುಡುಗನನ್ನು ಓದಲು ಹಡಗು ಹತ್ತಿಸಿ ಭಾರತಕ್ಕೆ ಕಳಿಸಿದರು. ಶಾಲೆ ಪಂಚಗಣಿಯ ಸೇಂಟ್ ಪೀಟರ್ಸ್. ಬೆಂಗಳೂರು, ಬೆಳಗಾವಿ ಕಡೆಯಿಂದ ಪುಣೆ ಹೆದ್ದಾರಿಯಲ್ಲಿ ಹೋದವರಿಗೆ ಗೊತ್ತಿರುತ್ತೆ, ಸಾತಾರಾ ದಾಟಿ ವಾಯಿ ಕಡೆಗೆ ತಿರುಗಿ ಘಾಟಿ ಹತ್ತಿದರೆ ಸಿಗುವ ಊರು ಅದು. ಆ ಗುಡ್ಡದ ಮೇಲಿನ ಹಾಸ್ಟೆಲ್‌ನಲ್ಲಿ ಅವನು ಪಿಯಾನೊ ಕಲಿತ. ಗೆಳೆಯರು ಫ್ರೆಡ್ಡಿ ಅಂತ ಕರೆಯಲು ಶುರು ಮಾಡಿದ್ದು ಅಲ್ಲೇ. ಹನ್ನೆರಡನೇ ವಯಸ್ಸಿಗೆ ಶಾಲೆಯ ಹುಡುಗರ ಜೊತೆ ಸೇರಿ 'ಹೆಕ್ಟಿಕ್ಸ್' ಅಂತ ಬ್ಯಾಂಡ್ ಕಟ್ಟಿದ. ರಾಕ್ ಜಗತ್ತಿನ ಇಷ್ಟು ದೊಡ್ಡ ಗಾಯಕನ ಮೊದಲ ಬ್ಯಾಂಡ್ ಪಂಚಗಣಿಯದು ಅನ್ನೋದು ನನಗೆ ಈಗಲೂ ಖುಷಿ ಕೊಡುವ ಸಂಗತಿ.

1964ರಲ್ಲಿ ಜಾಂಜಿಬಾರ್‌ನಲ್ಲಿ ಕ್ರಾಂತಿಯಾಯಿತು. ಸಾವಿರಾರು ಅರಬರು, ಭಾರತೀಯರು ಜೀವ ಕಳೆದುಕೊಂಡರು. ಬಲ್ಸಾರಾ ಕುಟುಂಬ ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಂಡು ಲಂಡನ್ ಬಳಿಯ ಫೆಲ್ತಮ್‌ಗೆ ಬಂತು. ಆಗ ಫ್ರೆಡ್ಡಿಗೆ ಹದಿನೇಳು.

ಇನ್ನು ಮುಚ್ಚಿಟ್ಟ ವಿಷಯ. ಅವತ್ತಿನ ಇಂಗ್ಲೆಂಡನ್ನು ಸ್ವಲ್ಪ ನೆನಪಿಸಿಕೊಳ್ಳಿ. 1968ರಲ್ಲಿ ಈನಕ್ ಪೊವೆಲ್ ಎಂಬ ಸಂಸದ ವಲಸಿಗರ ವಿರುದ್ಧ ಮಾಡಿದ ಭಾಷಣಕ್ಕೆ ಜನ ಬೀದಿಗಿಳಿದು ಬೆಂಬಲ ಕೊಟ್ಟಿದ್ದರು. ಕಂದು ಬಣ್ಣದ ಹುಡುಗ ರಾಕ್ ಹಾಡಲು ಹೊರಟರೆ ಪತ್ರಿಕೆಗಳು ಮೊದಲು ಬರೆಯುತ್ತಿದ್ದದ್ದು ಬಣ್ಣದ ಬಗ್ಗೆ, ಆಮೇಲೆ ಹಾಡಿನ ಬಗ್ಗೆ. 1970ರ ಹೊತ್ತಿಗೆ ಅವನು ಮರ್ಕ್ಯುರಿ ಆದ. ಹುಟ್ಟಿನ ಬಗ್ಗೆ ಜಾಸ್ತಿ ಮಾತಾಡಲಿಲ್ಲ. ಅದನ್ನು ನಾಚಿಕೆ ಅಂತ ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಅಪ್ಪ, ಅಮ್ಮ, ತಂಗಿ ಕಶ್ಮೀರಾ ಜೊತೆ ಅವನ ಬಳಕೆ ಕೊನೆಯವರೆಗೂ ಇತ್ತು. ಮನೆಗೆ ಹೋದಾಗ ಅವನು ಅಮ್ಮನ ಮಗ. ವೇದಿಕೆಯಲ್ಲಿ ಮರ್ಕ್ಯುರಿ. ಎರಡನ್ನೂ ಕಲಸಲು ಅವನಿಗೆ ಇಷ್ಟ ಇರಲಿಲ್ಲ, ಅಷ್ಟೆ.

'ಬೊಹೀಮಿಯನ್ ರಾಪ್ಸೋಡಿ' ಹಾಡಿನ ಅರ್ಥ ಏನು? ಅದರಲ್ಲಿ 'ಬಿಸ್ಮಿಲ್ಲಾ' ಅಂತ ಯಾಕೆ ಬರುತ್ತೆ? (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿ)

ಅರ್ಥವನ್ನು ಫ್ರೆಡ್ಡಿ ಕೊನೆಯವರೆಗೂ ಹೇಳಲಿಲ್ಲ. ಕೇಳುವವರು ತಮ್ಮ ತಮ್ಮ ಅರ್ಥ ಮಾಡಿಕೊಳ್ಳಲಿ ಅಂತ ಬಿಟ್ಟ. ಬ್ಯಾಂಡಿನ ಉಳಿದ ಮೂವರೂ ಅವನ ಮಾತನ್ನು ಉಳಿಸಿಕೊಂಡೇ ಬಂದಿದ್ದಾರೆ. ಮೇಲ್ನೋಟಕ್ಕೆ ಕಥೆ ಇಷ್ಟು: ಕೊಲೆ ಮಾಡಿದ ಹುಡುಗನೊಬ್ಬ ಅಮ್ಮನ ಹತ್ತಿರ ತಪ್ಪೊಪ್ಪಿಕೊಳ್ಳುತ್ತಾನೆ. ಆಮೇಲೆ ಅವನನ್ನು ಬಿಡಬೇಕೋ ಬೇಡವೋ ಅಂತ ಒಂದು ದೊಡ್ಡ ಗದ್ದಲ. ಆ ಗದ್ದಲದ ನಡುವೆ ದೇವರ ಹೆಸರಾಗಿ 'ಬಿಸ್ಮಿಲ್ಲಾ' ಬರುತ್ತೆ. ಅರಬ್ಬಿ ಮಾತು, ಮಸೀದಿಯ ಬಾಂಗು ಕಿವಿಗೆ ಬೀಳುತ್ತಿದ್ದ ದ್ವೀಪದಲ್ಲಿ ಬೆಳೆದ ಹುಡುಗನಿಗೆ ಆ ಪದ ಹೊರಗಿನದೇನೂ ಅಲ್ಲ. 2004ರಲ್ಲಿ ಇರಾನ್‌ನಲ್ಲಿ ಕ್ವೀನ್ ಹಾಡುಗಳ ಸಂಗ್ರಹ ಅಧಿಕೃತವಾಗಿ ಬಿಡುಗಡೆಯಾದಾಗ ಹಾಡುಗಳ ಅರ್ಥ ವಿವರಿಸುವ ಪುಟ್ಟ ಹಾಳೆಯನ್ನೂ ಜೊತೆಗೆ ಕೊಟ್ಟಿದ್ದರು.

ಅರ್ಥಕ್ಕಿಂತ ನೀವು ಆ ಹಾಡು ಕಟ್ಟಿದ ರೀತಿಯನ್ನು ಗಮನಿಸಬೇಕು ಅನ್ನೋದು ನನ್ನ ಆಸೆ. 1975ರಲ್ಲಿ ರೇಡಿಯೊದಲ್ಲಿ ಹಾಕುವ ಹಾಡು ಅಂದರೆ ಮೂರು ನಿಮಿಷ. ಇದು 5 ನಿಮಿಷ 55 ಸೆಕೆಂಡ್. ಪಲ್ಲವಿ ಅಂತ ಒಂದಿಲ್ಲ. ನಿಧಾನದ ಪಿಯಾನೊ ಹಾಡು, ನಡುವೆ ಆಪೆರಾ (ಪಾಶ್ಚಾತ್ಯ ಸಂಗೀತ ನಾಟಕದ ಶೈಲಿ), ಆಮೇಲೆ ಗಿಟಾರ್ ಅಬ್ಬರ, ಕೊನೆಗೆ ಮತ್ತೆ ಪಿಸುಮಾತು. ಆಪೆರಾ ಭಾಗದಲ್ಲಿ ದೊಡ್ಡ ಮೇಳವೇ ಹಾಡಿದ ಹಾಗೆ ಕೇಳುತ್ತೆ ಅಲ್ವಾ? ಅಲ್ಲಿರುವುದು ಮೂರೇ ಗಂಟಲು. ಫ್ರೆಡ್ಡಿ, ಗಿಟಾರಿನ ಬ್ರಯಾನ್ ಮೇ, ಡ್ರಮ್ಮಿನ ರೋಜರ್ ಟೇಲರ್. ಒಂದರ ಮೇಲೆ ಒಂದು ಪದರ ಕೂರಿಸುತ್ತಾ ವಾರಗಟ್ಟಲೆ ಹಾಡಿದರು. ಟೇಪನ್ನು ಎಷ್ಟು ಸಲ ಓಡಿಸಿದ್ದರೆಂದರೆ ಅದರ ಮೇಲಿನ ಲೇಪ ಸವೆದು ಹೋಗಿತ್ತು. ಬೆಳಕಿಗೆ ಹಿಡಿದರೆ ಆಚೆ ಕಾಣುತ್ತಿತ್ತು ಅಂತ ಬ್ರಯಾನ್ ಮೇ ನೆನಪಿಸಿಕೊಂಡಿದ್ದಾರೆ.

2023ರಲ್ಲಿ ಲಂಡನ್‌ನ ಸದಬೀಸ್ ಸಂಸ್ಥೆ ಫ್ರೆಡ್ಡಿಯ ವಸ್ತುಗಳನ್ನು ಹರಾಜು ಹಾಕಿತು. ಆಗ ಈ ಹಾಡಿನ ಕರಡು ಹೊರಗೆ ಬಂತು. ಒಂದು ವಿಮಾನ ಕಂಪನಿಯ ಹಾಳೆಗಳ ಮೇಲೆ ಗೀಚಿದ್ದು. ತಲೆಬರಹ 'ಮಂಗೋಲಿಯನ್ ರಾಪ್ಸೋಡಿ' ಅಂತ ಬರೆದು, ಮೊದಲ ಪದವನ್ನು ಹೊಡೆದು 'ಬೊಹೀಮಿಯನ್' ಮಾಡಿದ್ದಾನೆ. ಹಾಡು ಆಕಾಶದಿಂದ ಉದುರಲಿಲ್ಲ. ಹೊಡೆದು, ತಿದ್ದಿ, ಮತ್ತೆ ಬರೆದದ್ದು. ನೀವು ಹಾಡು ಬರೆಯುವವರಾದರೆ ಆ ಹಾಳೆಗಳ ಚಿತ್ರವನ್ನು ಒಮ್ಮೆ ಹುಡುಕಿ ನೋಡಿ.

ನಾನು ಸಂಗೀತ ಪಾಠ ಹೇಳುತ್ತೇನೆ. ಅವರ ಶಾರೀರದಲ್ಲಿ ವಿಶೇಷ ಏನಿತ್ತು? ಉಬ್ಬು ಹಲ್ಲಿನಿಂದ ಆ ಧ್ವನಿ ಬಂತು ಅನ್ನುವುದು ನಿಜವೇ? (ಮೈಸೂರಿನ ಓದುಗರು)

ಬಾಯಲ್ಲಿ ನಾಲ್ಕು ಹಲ್ಲು ಹೆಚ್ಚಿದ್ದವು. ತೆಗೆಸಿದರೆ ಧ್ವನಿ ಕೆಡಬಹುದು ಅಂತ ಅವನಿಗೆ ಹೆದರಿಕೆ. ಆದರೆ ಧ್ವನಿ ಹುಟ್ಟುವುದು ಗಂಟಲಲ್ಲಿ, ಹಲ್ಲಿನಲ್ಲಲ್ಲ. 2016ರಲ್ಲಿ ಯುರೋಪಿನ ಕೆಲವು ಧ್ವನಿತಜ್ಞರು ಅವನ ರೆಕಾರ್ಡಿಂಗ್‌ಗಳನ್ನು ಅಳೆದು ನೋಡಿದರು. ಮಾತಾಡುವಾಗ ಅವನದು ತಗ್ಗಿನ, ಬ್ಯಾರಿಟೋನ್ ಧ್ವನಿ. ಹಾಡುವಾಗ ಮಾತ್ರ ಮೇಲಿನ ಸ್ಥಾಯಿಗೆ ಏರುತ್ತಿದ್ದ. ಸ್ವರದ ಕಂಪನ ಸೆಕೆಂಡಿಗೆ ಸುಮಾರು 7 ಸಲ, ಸಾಮಾನ್ಯ ಗಾಯಕರಿಗಿಂತ ವೇಗ. ಗಂಟಲಿಗೆ ಒತ್ತಡ ಹಾಕಿ ಗರಗರ ಅನ್ನಿಸುವಾಗ ಮುಖ್ಯ ಸ್ವರದ ಕೆಳಗೆ ಇನ್ನೊಂದು ನಾದವೂ ಸೇರಿಕೊಳ್ಳುತ್ತಿತ್ತು. ನಿಮ್ಮ ವಿದ್ಯಾರ್ಥಿಗಳಿಗೆ ಇದನ್ನು ಅನುಕರಿಸಲು ಹೇಳಬೇಡಿ. ಅವನ ಧ್ವನಿತಂತುಗಳಲ್ಲೇ ಗಂಟುಗಳಾಗಿ ಪ್ರವಾಸದಲ್ಲಿ ಪದೇ ಪದೇ ಗಂಟಲು ಕೈಕೊಟ್ಟಿದೆ.

ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ಇದ್ದಾಗ ಅಲ್ಲಿಗೆ ಹೋಗಿ ಹಾಡಿದವರನ್ನು ನಾವು ಯಾಕೆ ಮೆರೆಸಬೇಕು? (ಧಾರವಾಡದ ಓದುಗರು)

ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಅದು ತಪ್ಪು. 1984ರ ಅಕ್ಟೋಬರ್‌ನಲ್ಲಿ ಕ್ವೀನ್ ಸನ್ ಸಿಟಿ ಎಂಬ ಐಷಾರಾಮಿ ತಾಣದಲ್ಲಿ ಹಾಡಿತು. ಸನ್ ಸಿಟಿ ಇದ್ದದ್ದು ಬೊಪುತಾತ್ಸ್ವಾನಾ ಎಂಬಲ್ಲಿ. ಕರಿಯರನ್ನು ಅವರ ದೇಶದಿಂದಲೇ ಬೇರೆ ಮಾಡಲು ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ ಕಾಗದದ ಮೇಲೆ ಕಟ್ಟಿದ ಹುಸಿ ದೇಶ ಅದು. ಅಲ್ಲಿಗೆ ಹೋಗಬೇಡಿ ಅಂತ ವಿಶ್ವಸಂಸ್ಥೆ ಕಲಾವಿದರಿಗೆ ಹೇಳಿತ್ತು. ಬ್ರಿಟನ್ನಿನ ಸಂಗೀತಗಾರರ ಸಂಘ ಕೂಡ ಬೇಡ ಅಂದಿತ್ತು. ಇವರು ಹೋದರು. ಸಂಘ ದಂಡ ಹಾಕಿತು, ವಿಶ್ವಸಂಸ್ಥೆಯ ಕಪ್ಪುಪಟ್ಟಿಗೆ ಹೆಸರು ಸೇರಿತು. ಫ್ರೆಡ್ಡಿಯ ಗಂಟಲು ಕೆಟ್ಟು ಕೆಲವು ಕಾರ್ಯಕ್ರಮ ರದ್ದಾದವು.

ನಾವು ರಾಜಕೀಯದವರಲ್ಲ, ಕೇಳಲು ಬಂದವರಿಗೆಲ್ಲ ಹಾಡಿದೆವು ಅನ್ನುವುದು ಬ್ಯಾಂಡಿನ ಸಮರ್ಥನೆ. ಅಲ್ಲಿನ ಕಿವುಡ ಮತ್ತು ಅಂಧ ಮಕ್ಕಳ ಶಾಲೆಗೆ ಹಣವನ್ನೂ ಕೊಟ್ಟರು. ಆ ದಾನವನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಸ್ವತಃ ಕಂದು ಬಣ್ಣದ, ಮನೆ ಬಿಟ್ಟು ಓಡಿಬಂದ ಕುಟುಂಬದ ಹುಡುಗ ಅಲ್ಲಿ ನಿಂತು ಹಾಡಿದ್ದು ನನಗೆ ಇವತ್ತಿಗೂ ನೋವು. ಹಾಡನ್ನು ಪ್ರೀತಿಸುತ್ತೇನೆ. ಈ ಒಂದು ವಿಷಯದಲ್ಲಿ ಅವನ ಪರ ಮಾತಾಡಲು ನನಗಾಗುವುದಿಲ್ಲ.

'ಬೊಹೀಮಿಯನ್ ರಾಪ್ಸೋಡಿ' ಸಿನಿಮಾದಲ್ಲಿ ಲೈವ್ ಏಡ್‌ಗೆ ಮುಂಚೆಯೇ ಕಾಯಿಲೆ ಗೊತ್ತಾಗುತ್ತೆ. ಹಾಗೇ ಆಗಿದ್ದಾ? (ದುಬೈನಲ್ಲಿರುವ ಓದುಗರು)

ಇಲ್ಲ. ಬರಗಾಲದ ನೆರವಿಗೆ ಹಣ ಕೂಡಿಸಿದ ದೊಡ್ಡ ಸಂಗೀತ ಕಾರ್ಯಕ್ರಮ ಲೈವ್ ಏಡ್ ನಡೆದದ್ದು 1985ರ ಜುಲೈ 13ಕ್ಕೆ. ಕಾಯಿಲೆ ಖಚಿತವಾದದ್ದು 1987ರಲ್ಲಿ. ಬ್ಯಾಂಡ್ ಒಡೆದಿತ್ತು ಅನ್ನುವುದೂ ಸಿನಿಮಾದ ಕಥೆ. 1985ರ ಮೇ ತಿಂಗಳವರೆಗೂ ನಾಲ್ವರೂ ಒಟ್ಟಿಗೆ ಪ್ರವಾಸದಲ್ಲಿದ್ದರು. ಫ್ರೆಡ್ಡಿ ಪಾತ್ರದಲ್ಲಿ ರಾಮಿ ಮಲೆಕ್ ಅಭಿನಯ ನೋಡಿ ಸಂತೋಷಪಡಿ. ತಾರೀಖುಗಳನ್ನು ಮಾತ್ರ ಅಲ್ಲಿಂದ ತೆಗೆದುಕೊಳ್ಳಬೇಡಿ.

ಏಡ್ಸ್ ಇದೆ ಅಂತ ಸಾಯುವ ಹಿಂದಿನ ದಿನ ಹೇಳಿದರಂತೆ. ಮೊದಲೇ ಹೇಳಿದ್ದರೆ ಎಷ್ಟೋ ಜನರಿಗೆ ಧೈರ್ಯ ಬರುತ್ತಿತ್ತಲ್ಲವೇ? ಮೇರಿ ಅವರನ್ನೂ ಕತ್ತಲಲ್ಲಿ ಇಟ್ಟಿದ್ದರೇ? (ಬೆಂಗಳೂರಿನ ಓದುಗರು)

ಕೊನೆಯದರಿಂದ ಶುರು ಮಾಡುತ್ತೇನೆ. ಮೇರಿ ಆಸ್ಟಿನ್ ಲಂಡನ್‌ನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ. ಫ್ರೆಡ್ಡಿ ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಇಬ್ಬರೂ ಸಣ್ಣ ಕೋಣೆಯಲ್ಲಿ ಸಂಸಾರ ಮಾಡಿದರು. 70ರ ದಶಕದ ನಡುವೆ ತನಗೆ ಗಂಡಸರ ಮೇಲೆ ಒಲವಿದೆ ಅಂತ ಅವನೇ ಅವರಿಗೆ ಹೇಳಿದ. ಸಂಸಾರ ಮುಗಿಯಿತು, ನೆಂಟಸ್ತಿಕೆ ಮುಗಿಯಲಿಲ್ಲ. ಮೇರಿ ಕೊನೆಯವರೆಗೂ ಹತ್ತಿರವೇ ಇದ್ದರು. ಕೆನ್ಸಿಂಗ್ಟನ್‌ನ ಅವನ ಮನೆ ಗಾರ್ಡನ್ ಲಾಡ್ಜ್ ಹೋದದ್ದು ಅವರಿಗೇ. ಕೊನೆಯ ವರ್ಷಗಳ ಸಂಗಾತಿ ಜಿಮ್ ಹಟನ್ ಎಂಬ ಐರಿಷ್ ಕ್ಷೌರಿಕ. ಆ ಮನೆಯಲ್ಲೇ ಇದ್ದು, ತೋಟ ನೋಡಿಕೊಳ್ಳುತ್ತಾ, ಹಾಸಿಗೆ ಹಿಡಿದವನ ಸೇವೆ ಮಾಡಿದರು. ಇಬ್ಬರಲ್ಲಿ ಯಾರು 'ನಿಜವಾದ' ಪ್ರೀತಿ ಅಂತ ಜಗಳ ಮಾಡುವವರು ಇಬ್ಬರಿಗೂ ಅನ್ಯಾಯ ಮಾಡುತ್ತಾರೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. 1991ರ ನವೆಂಬರ್ 23ರಂದು ಹೇಳಿಕೆ ಬಂತು. ಸುತ್ತಲಿನವರ ಖಾಸಗಿತನ ಕಾಪಾಡಲು ಈವರೆಗೆ ಸುಮ್ಮನಿದ್ದೆ, ಈಗ ಸತ್ಯ ತಿಳಿಯಬೇಕು ಅನ್ನುವುದು ಅದರ ಸಾರ. ಮರುದಿನ ಸಂಜೆ ತೀರಿಕೊಂಡ. 45 ವರ್ಷ. ಮೊದಲೇ ಹೇಳಬೇಕಿತ್ತು ಅನ್ನುವ ಟೀಕೆ ಅವತ್ತೇ ಶುರುವಾಯಿತು. ನನ್ನ ಮಟ್ಟಿಗೆ ಅದು ಉಳಿದವರು ಕೇಳಬಹುದಾದ ಮಾತಲ್ಲ. ಜೀವ ಉಳಿಸುವ ಔಷಧಿಗಳ ಜೋಡಣೆ ಬಂದದ್ದು 1996ರ ಸುಮಾರಿಗೆ. ಅದಕ್ಕೂ ಮುಂಚೆ ಈ ಕಾಯಿಲೆ ಅಂದರೆ ಸಾವಿನ ಚೀಟಿ, ಮೇಲೆ ಅವಮಾನ ಬೇರೆ. 1987ರಲ್ಲಿ ಅವನ ಹತ್ತಿರ ಕೆಲಸ ಮಾಡಿದ್ದ ಪಾಲ್ ಪ್ರೆಂಟರ್ ಅವನ ಖಾಸಗಿ ಬದುಕನ್ನು ಒಂದು ಪತ್ರಿಕೆಗೆ ಮಾರಿಕೊಂಡಿದ್ದ. ಕೊನೆಯ ತಿಂಗಳುಗಳಲ್ಲಿ ಗಾರ್ಡನ್ ಲಾಡ್ಜ್ ಗೋಡೆಯ ಹೊರಗೆ ಕ್ಯಾಮೆರಾ ಹಿಡಿದವರು ಹಗಲು ರಾತ್ರಿ ಕಾದಿದ್ದರು. ಬಡಕಲಾದ ಮುಖದ ಒಂದು ಫೋಟೊಕ್ಕಾಗಿ. ಅಂಥ ಜನಕ್ಕೆ ಬಾಗಿಲು ತೆಗೆಯಲಿಲ್ಲ ಅಂತ ಅವನನ್ನು ದೂರಲು ನನಗೆ ಮನಸ್ಸಿಲ್ಲ.

ಬಾಗಿಲ ಹಿಂದೆ ಅವನು ಮಾಡುತ್ತಿದ್ದದ್ದು ಕೆಲಸ. ನಿಲ್ಲಲು ಆಗದ ದಿನಗಳಲ್ಲೂ ಸ್ವಿಟ್ಜರ್ಲೆಂಡಿನ ಮಾಂತ್ರೋ ಸ್ಟುಡಿಯೊಗೆ ಹೋಗಿ ಹಾಡಿದ. 1991ರ ಮೇ ತಿಂಗಳಲ್ಲಿ 'ಮದರ್ ಲವ್' ಹಾಡಲು ಕೂತ. ಎರಡು ಚರಣ ಮುಗಿಸಿದ. ಕೊನೆಯ ಚರಣಕ್ಕೆ ಶಕ್ತಿ ಉಳಿದಿರಲಿಲ್ಲ. ವಿಶ್ರಾಂತಿ ತೆಗೆದುಕೊಂಡು ಬಂದು ಮುಗಿಸುತ್ತೇನೆ ಅಂತ ಹೋದ. ಬರಲೇ ಇಲ್ಲ. ಆ ಚರಣವನ್ನು ಬ್ರಯಾನ್ ಮೇ ಹಾಡಿದ್ದಾರೆ. ಕೇಳುವಾಗ ಧ್ವನಿ ಬದಲಾಗುವ ಜಾಗ ಬರುತ್ತಲ್ಲ, ಅಲ್ಲಿ ನಾನು ಪ್ರತಿ ಸಲವೂ ಕೈಯಲ್ಲಿರುವ ಕೆಲಸ ಬಿಟ್ಟು ಕೂರುತ್ತೇನೆ.

ಗುಟ್ಟಾಗಿದ್ದವನ ಸಾವು ಕೆಲಸಕ್ಕೆ ಬರಲಿಲ್ಲ ಅಂತಲೂ ಹೇಳಬೇಡಿ. 1992ರ ಏಪ್ರಿಲ್ 20ರಂದು ಲಂಡನ್‌ನ ವೆಂಬ್ಲಿ ಕ್ರೀಡಾಂಗಣದಲ್ಲಿ ಅವನ ನೆನಪಿಗೆ ದೊಡ್ಡ ಕಾರ್ಯಕ್ರಮ ನಡೆಯಿತು. ಆ ಹಣದಿಂದ ಶುರುವಾದ ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್ ಇಂದಿಗೂ ಬೇರೆ ಬೇರೆ ದೇಶಗಳಲ್ಲಿ ಎಚ್‌ಐವಿ ಕೆಲಸಕ್ಕೆ ನೆರವು ಕೊಡುತ್ತಿದೆ.

ಸಮಾಧಿ ಎಲ್ಲಿದೆ? ಲಂಡನ್‌ಗೆ ಹೋಗುತ್ತಿದ್ದೇನೆ, ಹೂವಿಟ್ಟು ಬರಬೇಕು. (ಮಂಗಳೂರಿನ ಓದುಗರು)

ಸಮಾಧಿ ಇಲ್ಲ. ಪಾರ್ಸಿ ಪುರೋಹಿತರು ಪ್ರಾರ್ಥನೆ ಮಾಡಿದ ಮೇಲೆ ದಹನವಾಯಿತು. ಚಿತಾಭಸ್ಮ ಎಲ್ಲಿಟ್ಟಿದ್ದು ಅಂತ ಮೇರಿಗೆ ಮಾತ್ರ ಗೊತ್ತು. ಅವನು ಬಯಸಿದ್ದೇ ಹಾಗೆ. ಸ್ವಿಟ್ಜರ್ಲೆಂಡಿಗೂ ಹೋಗುವುದಿದ್ದರೆ ಮಾಂತ್ರೋದಲ್ಲಿ ಸರೋವರದ ಕಡೆ ಮುಖ ಮಾಡಿ ನಿಂತ ಅವನ ಪ್ರತಿಮೆ ಇದೆ. ಹೂವು ಅಲ್ಲಿಡಿ.

ಒಂದೇ ಒಂದು ಕಾರ್ಯಕ್ರಮ ನೋಡಬೇಕು ಅಂದರೆ ಯಾವುದು? (ಹಾಸನದ ಓದುಗರು)

ಎಲ್ಲರೂ ಲೈವ್ ಏಡ್ ಅನ್ನುತ್ತಾರೆ. ಆ 21 ನಿಮಿಷ ನೋಡಲೇಬೇಕು, ತಕರಾರಿಲ್ಲ. ನಾನು ಮಾತ್ರ 1986ರ ಜುಲೈ 27ರ ಬುಡಾಪೆಸ್ಟ್ ಕಾರ್ಯಕ್ರಮ ಹೇಳುತ್ತೇನೆ. ಆಗಿನ್ನೂ ಹಂಗೇರಿಯಲ್ಲಿ ಕಮ್ಯುನಿಸ್ಟ್ ಆಡಳಿತ. ಪಶ್ಚಿಮದ ದೊಡ್ಡ ಬ್ಯಾಂಡೊಂದು ಕ್ರೀಡಾಂಗಣದಲ್ಲಿ ಹಾಡುವುದು ಅಲ್ಲಿನವರಿಗೆ ಕನಸಿನ ಮಾತು. ನಡುವೆ ಫ್ರೆಡ್ಡಿ ಅವರ ಒಂದು ಜನಪದ ಹಾಡು ಎತ್ತಿಕೊಳ್ಳುತ್ತಾನೆ. ವಸಂತದ ಗಾಳಿ, ಉಕ್ಕುವ ನೀರು, ಜೊತೆ ಹುಡುಕುವ ಹಕ್ಕಿಯ ಹಾಡು. ಹಂಗೇರಿಯನ್ ಅವನಿಗೆ ಒಂದಕ್ಷರ ಬರದು. ಸಾಲುಗಳನ್ನು ಅಂಗೈ ಮೇಲೆ ಬರೆದುಕೊಂಡು ಬಂದಿದ್ದಾನೆ. ಒಮ್ಮೆ ಅಂಗೈ ನೋಡುತ್ತಾನೆ, ಒಮ್ಮೆ ಜನರ ಕಡೆ ನೋಡುತ್ತಾನೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಇಡೀ ಕ್ರೀಡಾಂಗಣ ಅವನ ಜೊತೆ ಹಾಡುತ್ತಿರುತ್ತೆ.