ಹುಲ್ಲಿನ ಹಿಮ್ಮೆಲಿ, ತುರಿಕೆ ಸೊಪ್ಪಿನ ಸೂಪ್

ಹೋದ ಸಂಚಿಕೆಯಲ್ಲಿ ಸ್ವೀಡನ್, ಫಿನ್ಲೆಂಡ್ ಕಡೆಯ ಹಬ್ಬದ ಅಡುಗೆ, ಕೈಕೆಲಸದ ಬಗ್ಗೆ ಬರೆದಿದ್ದೆ. ಬಂದ ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರ. ಹೊಸ ಓದುಗರಿಗೆ ಒಂದು ಮಾತು. ನಾನು ಕುಂದಾಪುರದ ಕಡೆಯವಳು, ಹದಿನಾಲ್ಕು ವರ್ಷದಿಂದ ಸ್ವೀಡನ್ನಿನ ಉಪ್ಸಾಲದಲ್ಲಿದ್ದೇನೆ. ಅಡುಗೆ, ಕೈಕೆಲಸದಲ್ಲಿ ನಾನೇ ಮಾಡಿ ನೋಡಿದ್ದನ್ನಷ್ಟೇ ಹೇಳುತ್ತೇನೆ.

ಪ್ರಶ್ನೆ: ಹಿಮ್ಮೆಲಿಯನ್ನು ಮಗಳ ಜೊತೆ ಕೂತು ಮಾಡಬೇಕು ಅಂತ ಆಸೆ. ಭತ್ತದ ಹುಲ್ಲು ಆಗುತ್ತಾ? ಎಷ್ಟು ಕಡ್ಡಿ ಬೇಕು? — ಓದುಗರು, ಧಾರವಾಡ

ಹಿಮ್ಮೆಲಿ ಅಂದರೆ ಹುಲ್ಲಿನ ಕಡ್ಡಿಗಳನ್ನು ದಾರದಲ್ಲಿ ಪೋಣಿಸಿ, ಗೂಡುಗಳಂತೆ ಕಟ್ಟಿ ತೂಗುಹಾಕುವ ಫಿನ್ಲೆಂಡಿನ ಅಲಂಕಾರ. ಭತ್ತದ ಹುಲ್ಲು ತೀರಾ ಮೆತ್ತಗೆ, ದಾರ ಎಳೆದರೆ ಬಾಗುತ್ತದೆ. ನಿಮ್ಮ ಕಡೆ ಗೋಧಿ ಬೆಳೆಯುತ್ತಾರಲ್ಲ, ಅದರ ಕಡ್ಡಿ ತುಂಬಾ ಚೆನ್ನಾಗಿ ಆಗುತ್ತದೆ. ಆದರೆ ಮಷಿನ್‌ಗೆ ಹಾಕಿದ ಹುಲ್ಲು ಬೇಡ, ಅದು ಸೀಳಿರುತ್ತದೆ. ಕೊಯ್ಲಿಗೆ ಮುಂಚೆ ಗುರುತಿನ ರೈತರ ಹತ್ತಿರ ಎರಡು ಹಿಡಿ ಕೈಯಲ್ಲೇ ಕೊಯ್ದು ಕೊಡಲು ಕೇಳಿ.

ಫಿನ್ಲೆಂಡಿನವರು ಇದನ್ನು ರೈ ಹುಲ್ಲಿನಲ್ಲಿ ಮಾಡುತ್ತಾರೆ. ರೈ ಅಂದರೆ ಅಲ್ಲಿನವರ ರೊಟ್ಟಿಯ ಧಾನ್ಯ. ‘ಹಿಮ್ಮೆಲಿ’ ಅನ್ನುವ ಮಾತು ಸ್ವೀಡಿಷ್ ಭಾಷೆಯ ‘ಹಿಮ್ಮೆಲ್’ನಿಂದ ಬಂದದ್ದು. ಹಾಗೆಂದರೆ ಆಕಾಶ. ಕ್ರಿಸ್‌ಮಸ್‌ಗೆ ಊಟದ ಮೇಜಿನ ಮೇಲೆ ತೂಗುಹಾಕಿ, ಜೂನ್ ತಿಂಗಳ ನಡುಬೇಸಿಗೆ ಹಬ್ಬದವರೆಗೂ ಬಿಡುತ್ತಿದ್ದರು. ಹಿಮ್ಮೆಲಿ ಎಷ್ಟು ದೊಡ್ಡದೋ ಮುಂದಿನ ರೈ ಬೆಳೆ ಅಷ್ಟು ಚೆನ್ನ ಅನ್ನುವ ನಂಬಿಕೆ. ಇದನ್ನು ಮೊದಲ ಸಲ ಕೇಳಿದಾಗ ನನಗೆ ಅಜ್ಜನ ನೆನಪಾಯಿತು. ಹೊಸ್ತಿನ ದಿನ ಅಜ್ಜ ಗದ್ದೆಯಿಂದ ಕದಿರು ತಂದು, ಮಾವಿನೆಲೆ, ಹಲಸಿನೆಲೆ ಜೊತೆ ಸೇರಿಸಿ ಕಂಬಕ್ಕೆ, ಒರಳಿಗೆ, ನೇಗಿಲಿಗೆ ಕಟ್ಟುತ್ತಿದ್ದರು. ಅದು ಒಣಗಿ ಧೂಳು ಹಿಡಿದರೂ ಮುಂದಿನ ವರ್ಷದವರೆಗೆ ಯಾರೂ ತೆಗೆಯುತ್ತಿರಲಿಲ್ಲ.

ನನಗೆ ಕಲಿಸಿದವರು ಪಕ್ಕದ ಮನೆಯ ಫಿನ್ಲೆಂಡ್ ಮೂಲದ ಅಜ್ಜಿ. ಒಂದು ಗೂಡಿಗೆ ಒಂದೇ ಅಳತೆಯ 12 ಕಡ್ಡಿ ಬೇಕು. ಮೊದಲ ಸಲಕ್ಕೆ 10 ಸೆಂಟಿಮೀಟರ್ ಸಾಕು. ಗಿಣ್ಣು ಬಿಟ್ಟು, ನಡುವಿನ ಟೊಳ್ಳು ಭಾಗವನ್ನು ಮಾತ್ರ ಕತ್ತರಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಇದನ್ನು ಮಾತ್ರ ಮರೆಯಬೇಡಿ. ಒಣ ಕಡ್ಡಿಯಲ್ಲಿ ಶುರು ಮಾಡಿ ನನ್ನ ಮೊದಲ ಹಿಮ್ಮೆಲಿಯ ಕಡ್ಡಿಗಳೆಲ್ಲ ಸೀಳಿಹೋಗಿದ್ದವು.

ಉದ್ದ ಸೂಜಿ, ಹತ್ತಿ ದಾರ ತೆಗೆದುಕೊಳ್ಳಿ. ಮೂರು ಕಡ್ಡಿ ಪೋಣಿಸಿ ತ್ರಿಕೋನ ಕಟ್ಟಿ. ಆಮೇಲೆ ಎರಡೆರಡು ಕಡ್ಡಿ ಪೋಣಿಸುತ್ತಾ, ಪಕ್ಕದ ಮೂಲೆಗೆ ಗಂಟು ಹಾಕುತ್ತಾ ಹೋಗಿ. ಒಂದು ತ್ರಿಕೋನ ಮೇಲ್ಮುಖ, ಮುಂದಿನದು ಕೆಳಮುಖ, ಹೀಗೆ ಸಾಲಾಗಿ ಬರಬೇಕು. ಐದು ತ್ರಿಕೋನ ಆಗುವಾಗ 11 ಕಡ್ಡಿ ಮುಗಿದಿರುತ್ತದೆ. ಈಗ ಸಾಲಿನ ಎರಡು ಕೊನೆಯ ತುದಿಗಳನ್ನು ಒಟ್ಟಿಗೆ ತಂದು ಕಟ್ಟಿ. ಎರಡು ಮೂಲೆಗಳಲ್ಲಿ ಮಾತ್ರ ಮೂರೇ ಕಡ್ಡಿ ಸೇರಿರುತ್ತವೆ. ಅವುಗಳ ನಡುವೆ ಹನ್ನೆರಡನೆಯ ಕಡ್ಡಿ ಹಾಕಿ. ಅಲ್ಲಿಯವರೆಗೆ ಜೋತುಬಿದ್ದಿದ್ದ ಹುಲ್ಲು ಆ ಒಂದು ಕಡ್ಡಿಗೆ ಎದ್ದು ನಿಲ್ಲುತ್ತದೆ. ಆಗ ಮಗಳ ಮುಖ ನೋಡಿ!

ಇಂಥ ಗೂಡುಗಳನ್ನು ಒಂದರ ಕೆಳಗೊಂದು ಕಟ್ಟಿದರೆ ದೊಡ್ಡ ಹಿಮ್ಮೆಲಿ. ಫ್ಯಾನ್‌ನಿಂದ ದೂರ ತೂಗುಹಾಕಿ. ಯಾರಾದರೂ ಪಕ್ಕದಲ್ಲಿ ನಡೆದುಹೋದರೆ ಸಾಕು, ಆ ಗಾಳಿಗೇ ಅದು ತಿರುಗುತ್ತದೆ.

ಪ್ರಶ್ನೆ: ಸ್ವೀಡನ್ನಿನವರು ತುರಿಕೆ ಗಿಡದ ಸೂಪ್ ಮಾಡುತ್ತಾರೆ ಅಂದಿರಿ. ನಮ್ಮ ತೋಟದ ಬೇಲಿಯಲ್ಲಿ ತುರಿಕೆ ಗಿಡ ಬೇಕಾದಷ್ಟಿದೆ. ಅದನ್ನೇ ಹಾಕಬಹುದಾ? — ಓದುಗರು, ಶಿರಸಿ

ದಯವಿಟ್ಟು ಬೇಡ. ನಮ್ಮ ಕಡೆ ತುರಿಸುವ ಗಿಡಕ್ಕೆಲ್ಲ ಅದೇ ಹೆಸರು. ನಸುಗುನ್ನಿಯನ್ನೂ ಕೆಲವರು ಹಾಗೇ ಕರೆಯುತ್ತಾರೆ. ನಾನು ಬರೆದದ್ದು ಇಲ್ಲಿನ ನೆಟಲ್ ಬಗ್ಗೆ. ಅದು ಬೇರೆಯೇ ಗಿಡ. ಹೆಸರು ನಂಬಿ ಯಾವ ಸೊಪ್ಪನ್ನೂ ಪಾತ್ರೆಗೆ ಹಾಕಬಾರದು. ಇಲ್ಲೂ ಹಾಗೇ. ವಸಂತದಲ್ಲಿ ಕಾಡು ಬೆಳ್ಳುಳ್ಳಿ ಸೊಪ್ಪು ಕೀಳಲು ಹೋದವರು ಅದರಂತೆಯೇ ಕಾಣುವ, ವಿಷವಿರುವ ಲಿಲಿ ಆಫ್ ದ ವ್ಯಾಲಿ ಎಲೆ ತಂದುಬಿಡುವ ಅಪಾಯ ಇದೆ. ಅದಕ್ಕೇ ನಾನು ಒಂದೊಂದು ಎಲೆಯನ್ನೂ ಹಿಸುಕಿ ವಾಸನೆ ನೋಡಿ ಬುಟ್ಟಿಗೆ ಹಾಕುತ್ತೇನೆ.

ನೆಟಲ್‌ಗೆ ಇಲ್ಲಿ ಇಷ್ಟು ಪ್ರೀತಿ ಯಾಕೆ ಅಂದರೆ, ಹಿಮ ಕರಗಿದ ಮೇಲೆ ಮೊದಲು ಚಿಗುರುವ ಹಸಿರು ಸೊಪ್ಪುಗಳಲ್ಲಿ ಅದೂ ಒಂದು. ತಿಂಗಳುಗಟ್ಟಲೆ ಆಲೂಗಡ್ಡೆ, ಉಪ್ಪು ಹಾಕಿದ ಮೀನು ತಿಂದವರಿಗೆ ಆ ಹಸಿರು ಹೇಗಿರುತ್ತಿತ್ತೋ ಯೋಚಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಕೈಗವಸು ಹಾಕಿಕೊಂಡು ತುದಿಯ ಎಳೆ ಕುಡಿ ಮಾತ್ರ ಕೀಳುತ್ತೇವೆ. ಕುದಿಯುವ ನೀರಿಗೆ ಹಾಕಿದರೆ ತುರಿಕೆ ಹೋಗುತ್ತದೆ. ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಸ್ವಲ್ಪ ಮೈದಾ, ಹಾಲು, ಬೆಂದ ಸೊಪ್ಪು ಸೇರಿಸಿ ರುಬ್ಬಿ ಕುದಿಸಿದರೆ ಸೂಪ್ ಆಯಿತು. ಮೇಲೆ ಅರ್ಧ ಬೇಯಿಸಿದ ಮೊಟ್ಟೆ ಇಡುತ್ತಾರೆ. ನೀವು ಹರಿವೆ ಅಥವಾ ಪಾಲಕ್‌ನಲ್ಲಿ ಮಾಡಿ.

ನಮ್ಮ ಮನೆಯಲ್ಲಿ ಮಾತ್ರ ಅದು ತಂಬುಳಿ. ಬೆಂದ ಕುಡಿ, ತೆಂಗಿನತುರಿ, ಜೀರಿಗೆ, ನಾಲ್ಕು ಕಾಳುಮೆಣಸು ರುಬ್ಬಿ, ಮಜ್ಜಿಗೆಗೆ ಬೆರೆಸಿ, ಒಗ್ಗರಣೆ. ಹೋದ ಮೇ ತಿಂಗಳಲ್ಲಿ ಪಕ್ಕದ ಮನೆ ಅಜ್ಜಿ ಎರಡು ಬಟ್ಟಲು ಕುಡಿದರು.

ಪ್ರಶ್ನೆ: ಮಗ ಸ್ವೀಡನ್ನಿನಿಂದ ಕ್ರಿಸ್‌ಮಸ್ ಅಲಂಕಾರಕ್ಕೆ ಇಡುವ ಹುಲ್ಲಿನ ಆಡು ತಂದಿದ್ದಾನೆ. ನಮ್ಮ ಅತ್ತೆ ‘ಅದು ಯಾವುದೋ ಹಳೇ ದೇವರ ಸಾಮಾನು, ಒಳಗೆ ಬೇಡ’ ಅಂತಾರೆ. ನಿಜವಾ? — ಓದುಗರು, ಮೈಸೂರು

ನಿಮ್ಮ ಅತ್ತೆಯವರ ಅನುಮಾನ ಸುಮ್ನೆ ಬಂದದ್ದಲ್ಲ. ಈ ಕಡೆಯ ಹಳೆಯ ನಾರ್ಸ್ ಕಥೆಗಳಲ್ಲಿ ಗುಡುಗಿನ ದೇವರು ಥಾರ್‌ನ ರಥ ಎಳೆಯುವುದು ಎರಡು ಆಡುಗಳೇ. ಇಲ್ಲಿ ಕ್ರಿಸ್‌ಮಸ್‌ಗೆ ‘ಯೂಲ್’ ಅಂತಾರೆ. ಆ ಹೆಸರೂ ಕ್ರೈಸ್ತ ಧರ್ಮಕ್ಕಿಂತ ಹಳೆಯದು. 10ನೇ ಶತಮಾನದಲ್ಲಿ ನಾರ್ವೆಯ ರಾಜ ಹಾಕೋನ್ ಯೂಲ್ ಹಬ್ಬವನ್ನು ಕ್ರಿಸ್‌ಮಸ್ ದಿನಕ್ಕೆ ಸೇರಿಸಿದ ಅಂತ ಸಾಗಾಗಳು, ಅಂದರೆ ಇಲ್ಲಿನ ಹಳೆಯ ರಾಜರ, ವೀರರ ಕಥೆಗಳು, ಹೇಳುತ್ತವೆ. ಹಾಗಂತ ಎಲ್ಲವೂ ಅಷ್ಟು ಹಳೆಯದಲ್ಲ. ನಡುಬೇಸಿಗೆ ಹಬ್ಬದ ಹೂವಿನ ಕಂಬ ಜರ್ಮನಿ ಕಡೆಯಿಂದ ಬಂದದ್ದು. ಡಿಸೆಂಬರ್ 13ರ ದೀಪದ ಹಬ್ಬಕ್ಕೆ ಬಿಳಿ ಉಡುಪಿನಲ್ಲಿ ಬರುವ ಲೂಸಿಯಾ ಬಗ್ಗೆ ಮೊದಲ ಬರಹ ಸಿಗುವುದು 1764ರಲ್ಲಿ. ಯೇವ್ಲೆ ಊರಿನ 13 ಮೀಟರ್ ಎತ್ತರದ ಪ್ರಸಿದ್ಧ ಹುಲ್ಲಿನ ಆಡು ಶುರುವಾದದ್ದು 1966ರಲ್ಲಿ.

ನಮ್ಮ ಮನೆಯಿಂದ ಹಳೆ ಉಪ್ಸಾಲಕ್ಕೆ ಸೈಕಲ್ಲಿನಲ್ಲೇ ಹೋಗಬಹುದು. ಥಾರ್, ಓಡಿನ್ ಎಂಬ ಹಳೆಯ ದೇವರುಗಳ ದೇವಾಲಯ ಅಲ್ಲಿತ್ತು ಅಂತ 1070ರ ದಶಕದಲ್ಲಿ ಬ್ರೆಮೆನ್ನಿನ ಆಡಮ್ ಎಂಬ ಪಾದ್ರಿ ಬರೆದಿದ್ದಾನೆ, ಅದೂ ಬೇರೆಯವರಿಂದ ಕೇಳಿ. ಈಗ ಅಲ್ಲಿ ದೊಡ್ಡ ಸಮಾಧಿ ದಿಬ್ಬಗಳಿವೆ, ಒಂದು ಹಳೆಯ ಚರ್ಚ್ ಇದೆ.

ಇವತ್ತು ಮನೆಗಳಲ್ಲಿ ಆಡು ಇಡುವವರು ಅದಕ್ಕೆ ಪೂಜೆ ಮಾಡುವುದಿಲ್ಲ. ಹುಲ್ಲು, ಕೆಂಪು ರಿಬ್ಬನ್, ಅಷ್ಟೇ. ಇದನ್ನು ಅತ್ತೆಯವರಿಗೆ ಹೇಳಿ. ಆಮೇಲೂ ಬೇಡ ಅಂದರೆ ಜಗುಲಿಯಲ್ಲಿ ಇಡಿ, ಅವರ ಮನಸ್ಸು ನೋಯಿಸಬೇಡಿ. ದೀಪದ ಹತ್ತಿರ ಮಾತ್ರ ಇಡಬೇಡಿ, ಹುಲ್ಲು ಬೇಗ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ: ಲೂಸಿಯಾ ಹಬ್ಬದ ಕೇಸರಿ ಬನ್ ಮಾಡಿದೆ. ಮರುದಿನಕ್ಕೆ ಕಲ್ಲು! — ಓದುಗರು, ಬೆಂಗಳೂರು

ಕೇಸರಿ ಜಾಸ್ತಿಯಾದರೆ ಬನ್ ಒಣಗುತ್ತದೆ ಅಂತ ಇಲ್ಲಿನವರು ಹೇಳುತ್ತಾರೆ. ಅರ್ಧ ಕೆಜಿ ಮೈದಾಕ್ಕೆ ಅರ್ಧ ಗ್ರಾಂ ಸಾಕು. ಚಿಟಿಕೆ ಸಕ್ಕರೆ ಜೊತೆ ಕುಟ್ಟಿ ಹಾಕಿದರೆ ಬಣ್ಣವೂ ಚೆನ್ನಾಗಿ ಬಿಡುತ್ತದೆ. ಕಾಲು ಲೀಟರ್ ಹಾಲು, ಸುಮಾರು 85 ಗ್ರಾಂ ಬೆಣ್ಣೆ, ಅಷ್ಟೇ ಸಕ್ಕರೆ, 7 ಗ್ರಾಂ ಒಣ ಯೀಸ್ಟ್, ಚಿಟಿಕೆ ಉಪ್ಪು. ಇದಕ್ಕೆ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರು 125 ಗ್ರಾಂ ಸೇರಿಸಿ. ಬನ್ ಮೆತ್ತಗಿರುವುದು ಅದರಿಂದಲೇ. ಹಿಟ್ಟು ಕೈಗೆ ಸ್ವಲ್ಪ ಅಂಟುವಂತಿರಲಿ, ಇನ್ನಷ್ಟು ಮೈದಾ ಉದುರಿಸಬೇಡಿ. ಚೆನ್ನಾಗಿ ಉಬ್ಬಿದ ಮೇಲೆ ಹಾವಿನಂತೆ ಹೊಸೆದು, ಎರಡೂ ತುದಿಯನ್ನು ಎದುರುಬದುರು ಸುರುಳಿ ಸುತ್ತಿ, ಸುರುಳಿಯ ನಡುವೆ ಒಂದೊಂದು ಒಣದ್ರಾಕ್ಷಿ ಒತ್ತಿ. ಇನ್ನೊಮ್ಮೆ ಉಬ್ಬಲು ಬಿಡಿ. 225 ಡಿಗ್ರಿಯಲ್ಲಿ ಆರರಿಂದ ಎಂಟು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ತೆಗೆದ ತಕ್ಷಣ ಬಟ್ಟೆ ಮುಚ್ಚಿಡಿ. ಮರುದಿನಕ್ಕೆ ಬೇಕಾದದ್ದನ್ನು ಆರಿದ ಕೂಡಲೇ ಫ್ರೀಜರ್‌ಗೆ ಹಾಕಿಬಿಡಿ. ನಾವೂ ಹಾಗೇ ಮಾಡುತ್ತೇವೆ.