ಕಾಫಿ ಕಂಟೇನರ್, ಬಂದರಿನ ಹೊಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಕಾಫಿ ಕ್ಯೂರಿಂಗ್ ಆಗಿ ಪಣಂಬೂರು ಬಂದರಿಂದ ಕಂಟೇನರ್‌ನಲ್ಲಿ ಹೋಗುತ್ತೆ. ಯುರೋಪಿನವರು ಈಗ ಕಾರ್ಬನ್ ಲೆಕ್ಕನೂ ಕೇಳ್ತಿದಾರಂತೆ. ಹಡಗು ಸಮುದ್ರದಲ್ಲಿ ಟನ್‌ಗಟ್ಟಲೆ ಎಣ್ಣೆ ಸುಡೋವಾಗ ಬಂದರಲ್ಲಿ ಸೋಲಾರ್ ಹಾಕಿ ಏನ್ ಸಾರ್ ಪ್ರಯೋಜನ?
(ಸಕಲೇಶಪುರದ ಬೆಳೆಗಾರರು)

ಉತ್ತರ: ಸಮುದ್ರದ ದಾರಿಯ ಹೊಗೆನೇ ಜಾಸ್ತಿ, ಅದು ನಿಜ. ಆದ್ರೆ ಬಂದರಿನ ಹೊಗೆ ಪಣಂಬೂರು, ಬೈಕಂಪಾಡಿ ಜನರ ಮೂಗಿಗೇ ಬರೋದು, ಅದನ್ನ ಸಣ್ಣದು ಅಂತ ಬಿಡೋಕಾಗಲ್ಲ. ಹಡಗು ದಕ್ಕೆಗೆ ಬಂದು ಕಟ್ಟಿದ ಮೇಲೂ ಲೈಟು, ಪಂಪು, ರೀಫರ್ ಕಂಟೇನರ್‌ಗಳ ಕೂಲಿಂಗು ಅಂತ ಅದರ ಜನರೇಟರ್‌ಗಳು ಹಗಲೂ ರಾತ್ರಿ ಓಡ್ತಾನೇ ಇರ್ತವೆ, ದೊಡ್ಡ ಹಡಗಾದ್ರೆ ಒಂದು ಮೆಗಾವ್ಯಾಟ್‌ಗಿಂತ ಜಾಸ್ತಿನೇ ಎಳೆಯುತ್ತೆ. ದಡದಿಂದ ಕೇಬಲ್ ಕೊಟ್ಟು ಆ ಜನರೇಟರ್ ಆಫ್ ಮಾಡ್ಸೋದಕ್ಕೆ ಶೋರ್ ಪವರ್ ಅಂತಾರೆ. ನಮ್ಮ ಲೈನು 50 ಹರ್ಟ್ಸ್, ಬಹಳಷ್ಟು ಹಡಗುಗಳದ್ದು 60, ವೋಲ್ಟೇಜು ಕಂಟೇನರ್ ಹಡಗಿಗೆ ಸಾಮಾನ್ಯವಾಗಿ 6.6 ಕಿಲೋವೋಲ್ಟ್, ಹಾಗಾಗಿ ಮಧ್ಯೆ ದೊಡ್ಡ ಕನ್ವರ್ಟರ್ ಬೇಕು, ದುಡ್ಡು ಹೋಗೋದೇ ಅಲ್ಲಿ. ಹಡಗಲ್ಲೂ ಕನೆಕ್ಷನ್ ಇರ್ಬೇಕು. ಕ್ಯಾಲಿಫೋರ್ನಿಯಾದಲ್ಲಿ 2014ರಿಂದಲೇ ಇದಕ್ಕೆ ಕಾನೂನು ಜಾರಿ ಇದೆ, ಯುರೋಪಿನ ಮುಖ್ಯ ಬಂದರುಗಳಲ್ಲಿ ಕಂಟೇನರ್ ಹಡಗುಗಳಿಗೆ 2030ರಿಂದ ಕಡ್ಡಾಯ. ನಮ್ಮಲ್ಲಿ ಬಂದರುಗಳಿಗೆ ಅಂತ ಕೇಂದ್ರ ಸರ್ಕಾರದ 2023ರ ಹರಿತ್ ಸಾಗರ್ ಮಾರ್ಗಸೂಚಿ ಇದೆ, ಟನ್ ಸರಕಿನ ಲೆಕ್ಕದಲ್ಲಿ ಕಾರ್ಬನ್ನು 2030ಕ್ಕೆ ಶೇ. 30, 2047ಕ್ಕೆ ಶೇ. 70 ಇಳೀಬೇಕು ಅಂತ. ನನ್ನ ಕೇಳಿದ್ರೆ ಬಂದರಿನ ಆಫೀಸು, ಗೋಡೌನು ಮೇಲೆ ಸೋಲಾರ್ ಹಾಕೋದು ಒಳ್ಳೇದೇ, ಆದ್ರೆ ದಕ್ಕೆಯಲ್ಲಿ ನಿಂತ ಹಡಗಿಗೆ ಕರೆಂಟ್ ಕೊಡೋವರೆಗೂ ಅರ್ಧ ಕೆಲ್ಸನೂ ಆಗಿಲ್ಲ ಅಂತಲೇ ಹೇಳ್ತೀನಿ.

ಪ್ರಶ್ನೆ: ಬಂದರಿನ ಡೀಸೆಲ್ ಕ್ರೇನ್‌ನ ಕರೆಂಟಿಗೆ ಬದಲಾಯಿಸಿದ್ರೂ ಆ ಕರೆಂಟ್ ಕಲ್ಲಿದ್ದಲಿಂದ ತಾನೇ ಬರೋದು? ಹೊಗೆ ಇಲ್ಲಿಂದ ರಾಯಚೂರಿಗೆ ಹೋಯ್ತು ಅಷ್ಟೇ ಅಲ್ವಾ?
(ಮೂಡಿಗೆರೆಯ ಓದುಗರು)

ಉತ್ತರ: ಕೇಳಬೇಕಾದ ಪ್ರಶ್ನೆನೇ. ನಿಮ್ಮ ತೋಟದ ಜನರೇಟರ್‌ನೇ ತಗೊಳ್ಳಿ, ಒಂದು ಲೀಟರ್ ಡೀಸೆಲ್‌ಗೆ ಮೂರು ಮೂರೂವರೆ ಯೂನಿಟ್ ಬರುತ್ತೆ, ಆ ಲೀಟರ್ ಸುಟ್ರೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್, ಅಂದ್ರೆ ಯೂನಿಟ್‌ಗೆ 0.8 ಕೆಜಿ ಆಸುಪಾಸು. ದೇಶದ ಗ್ರಿಡ್ ಸರಾಸರಿ 0.7ರ ಹತ್ತಿರ. ಇಷ್ಟೇ ನೋಡಿದ್ರೆ ಉಳಿತಾಯ ಸ್ವಲ್ಪವೇ. ಆದ್ರೆ ಯಾರ್ಡಲ್ಲಿ ಕಂಟೇನರ್ ಪೇರಿಸೋ ಆರ್‌ಟಿಜಿ ಕ್ರೇನು ಅರ್ಧ ಹೊತ್ತು ಮುಂದಿನ ಲಾರಿಗೆ ಕಾಯ್ತಾ ನಿಂತಿರುತ್ತೆ, ಡೀಸೆಲ್ ಇಂಜಿನ್ ಆಗಲೂ ಎಣ್ಣೆ ಕುಡೀತಿರುತ್ತೆ, ಕರೆಂಟಿನ ಮೋಟರ್ ಸುಮ್ನಿರುತ್ತೆ. ಇನ್ನೊಂದು, 20 ಟನ್ ಕಾಫಿ ಕಂಟೇನರ್ 10 ಮೀಟರ್ ಕೆಳಗಿಳಿಸೋವಾಗ ಮೋಟರೇ ಡೈನಮೋ ಆಗಿ ಹೆಚ್ಚುಕಮ್ಮಿ ಅರ್ಧ ಯೂನಿಟ್ ಹುಟ್ಟುತ್ತೆ, ಹಳೇ ಡೀಸೆಲ್ ಕ್ರೇನಲ್ಲಿ ಅದನ್ನ ರೆಸಿಸ್ಟರ್‌ನಲ್ಲಿ ಸುಮ್ನೆ ಬಿಸಿ ಮಾಡಿ ಗಾಳಿಗೆ ಬಿಡ್ತಾರೆ, ಲೈನಿಗೆ ಹಾಕಿದ ಕ್ರೇನಾದ್ರೆ ಅದರಲ್ಲಿ ಬಹುಪಾಲು ವಾಪಸ್ ಲೈನಿಗೇ ಹೋಗುತ್ತೆ. ಗ್ರಿಡ್‌ಗೆ ಪಾವಗಡದ ಸೋಲಾರ್, ಚಿತ್ರದುರ್ಗದ ಗಾಳಿಗಿರಣಿ, ಶರಾವತಿ ನೀರು ಸೇರ್ತಾ ಹೋದಷ್ಟೂ ಅದೇ ಕ್ರೇನು ತಾನಾಗೇ ಶುದ್ಧ ಆಗ್ತಾ ಹೋಗುತ್ತೆ, ಡೀಸೆಲ್ ಕ್ರೇನು ಸಾಯೋವರೆಗೂ ಡೀಸೆಲ್ಲೇ.

ಪ್ರಶ್ನೆ: ಶಿರಾಡಿ ಘಾಟಲ್ಲಿ ಎಲೆಕ್ಟ್ರಿಕ್ ಲಾರಿ ಕಂಟೇನರ್ ಎಳೆಯುತ್ತಾ?
(ಹಾಸನದ ಲಾರಿ ಮಾಲೀಕರು)

ಉತ್ತರ: ನಮ್ಮ ಕಡೆಯ ಅದೃಷ್ಟ ಏನಂದ್ರೆ ಲೋಡು ಘಾಟ್ ಇಳೀತಾ ಹೋಗುತ್ತೆ. 30 ಟನ್ ಲಾರಿ ಸಕಲೇಶಪುರದಿಂದ 900 ಮೀಟರ್ ಇಳಿದ್ರೆ ಲೆಕ್ಕದಲ್ಲಿ 73 ಯೂನಿಟ್‌ನಷ್ಟು ಶಕ್ತಿ. ಟೈರು, ಗಾಳಿ, ತಿರುವಿನ ಬ್ರೇಕು ಅಂತ ಕಳೆದ್ರೂ ಒಂದು ಪಾಲು ಬ್ಯಾಟರಿಗೆ ಸಿಗುತ್ತೆ, ಬ್ರೇಕ್ ಲೈನರ್ ಬಾಳಿಕೆನೂ ಜಾಸ್ತಿ ಆಗುತ್ತೆ. ಆದ್ರೆ ಖಾಲಿ ಬರೋದು ಬಿಟ್ಟು ಮಂಗಳೂರಿಂದ ಗೊಬ್ಬರ ಹೇರ್ಕೊಂಡು ಹತ್ತಿದ್ರೆ ಆ 73 ಯೂನಿಟ್ಟೂ ವಾಪಸ್ ಕೊಟ್ಟು, ಟೈರು, ಗಾಳಿಗೆ ಅಂತ ಮೇಲೆ ಇನ್ನಷ್ಟು ಕೊಡ್ಬೇಕು, ಕೆಳಗಡೆ ಚಾರ್ಜಿಂಗ್ ಇಲ್ದೆ ಆಗಲ್ಲ. ನವಿ ಮುಂಬೈನ ಜೆಎನ್‌ಪಿಎ ಬಂದರಲ್ಲಿ 2025ರಲ್ಲಿ ಬ್ಯಾಟರಿ ಬದಲಾಯಿಸೋ ಲಾರಿಗಳು ಶುರುವಾಗಿವೆ, ಪಣಂಬೂರಿಗೆ ಓಡೋ ಲಾರಿಗೂ ಆ ಥರದ್ದೇ ಸರಿ ಅನ್ಸುತ್ತೆ. ತಗೊಂಡ್ರೆ ಡ್ರೈವರ್‌ಗೆ ಒಂದು ಮಾತು ಹೇಳಿ, ಘಾಟ್ ಇಳಿಯೋಕೆ ಮುಂಚೆ ಬ್ಯಾಟರಿ ಫುಲ್ ಚಾರ್ಜ್ ಮಾಡ್ಬೇಡಿ ಅಂತ, ತುಂಬಿದ ಬ್ಯಾಟರಿಗೆ ಇಳಿಜಾರಿನ ಕರೆಂಟ್ ತುಂಬ್ಕೊಳ್ಳೋಕೆ ಜಾಗ ಇರಲ್ಲ.