ಯೂರೋಪಲ್ಲೂ ಬಡವರಿದ್ದಾರಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ನೀನು ಬರೆದಿದ್ದು ಓದಿದೆ. ಡೋರ್ಟ್‌ಮುಂಡಲ್ಲಿ ಮಾಸ್ಟರ್ಸ್ ಸೀಟ್ ಸಿಕ್ಕಿದೆ, ಅಕ್ಟೋಬರ್‌ಗೆ ಬರ್ತಿದೀನಿ, ನೋರ್ಡ್‌ಸ್ಟಾಟ್ ಅನ್ನೋ ಏರಿಯಾದಲ್ಲಿ ಒಂದು ರೂಮು ಕಮ್ಮಿಗೆ ಸಿಗ್ತಿದೆ ತಗೊಳ್ಲಾ ಬೇಡ್ವಾ, ಯೂಟ್ಯೂಬಲ್ಲಿ ನೋಡಿದ್ರೆ ಸ್ಟೇಷನ್ ಮುಂದೆ ಜನ ಮಲಗಿರ್ತಾರೆ, ವಯಸ್ಸಾದೋರು ಕಸದ ಡಬ್ಬಕ್ಕೆ ಕೈ ಹಾಕಿ ಬಾಟಲಿ ಹುಡುಕ್ತಾರೆ, ಜರ್ಮನಿ ಬಡವಾಗೋಯ್ತಾ ಅಕ್ಕ, ಸೇಫಾ, ಪಾರ್ಟ್‌ಟೈಮ್ ಸಿಗುತ್ತಾ, ಕುಕ್ಕರ್ ತರ್ಲಾ ಅಂತ. ಕುಕ್ಕರ್ ತಗೊಂಡ್ಬಾ, ಮೂರು ಲೀಟರ್ದು ಸಾಕು, ಗ್ಯಾಸ್ಕೆಟ್ ಎರಡು ಎಕ್ಸ್‌ಟ್ರಾ ಹಾಕ್ಕೋ. ಜಾಕೆಟ್ ಇಲ್ಲೇ ತಗೋ, ಅಲ್ಲಿಂದ ತಂದಿದ್ದು ಇಲ್ಲಿನ ಮಳೆಗೆ ತಡ್ಯಲ್ಲ. ಪಾರ್ಟ್‌ಟೈಮ್ ಸಿಗುತ್ತೆ, ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು, 2026ರ ಜನವರಿಯಿಂದ ಗಂಟೆಗೆ ಕನಿಷ್ಠ 13.90 ಯೂರೋ, ಆದ್ರೆ ಜರ್ಮನ್ ಬರ್ದಿದ್ರೆ ಸಿಗೋದು ಗೋಡೌನು ಇಲ್ಲ ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಸೈಕಲ್ ತುಳಿಯೋದು, ಅಷ್ಟೇ. ಉಳಿದಿದ್ದು ಸ್ವಲ್ಪ ಉದ್ದ ಆಗುತ್ತೆ. ನನ್ನ ತಮ್ಮನಿಗಿಂತ ಚಿಕ್ಕೋನು ನೀನು, ಅದಕ್ಕೆ ನೀನು ಅಂತಲೇ ಬರೀತಿದೀನಿ, ಬೇಜಾರ್ ಮಾಡ್ಕೋಬೇಡ.

ನಾನು ಬಂದಿದ್ದು 2007ರಲ್ಲಿ, ಇದೇ ನೋರ್ಡ್‌ಸ್ಟಾಟಿಗೆ. ಬೆಳಗ್ಗೆ ಕಾಲೇಜಿಗೆ ಹೊರಟ್ರೆ ಮಾಲಿಂಕ್ರೋಡ್ಟ್ ರಸ್ತೆ ಉದ್ದಕ್ಕೂ ಗಂಡಸರು ಗುಂಪುಗುಂಪಾಗಿ ನಿಂತಿರೋರು, ಒಂದು ವ್ಯಾನ್ ಬರೋದು, ಮೂರೋ ನಾಲ್ಕೋ ಜನ ಹತ್ತೋರು, ಉಳಿದೋರು ಸಿಗರೇಟ್ ಹಚ್ಕೊಂಡು ಮತ್ತೆ ನಿಲ್ಲೋರು. ಬೆಂಗಳೂರಲ್ಲಿ ಸರ್ಕಲ್‌ಗಳಲ್ಲಿ ಗಾರೆ ಕೆಲಸದೋರು ನಿಂತಿರ್ತಾರಲ್ಲ, ನೋಡಿರ್ತೀಯ. ವಿಮಾನ ಹತ್ಕೊಂಡು ಇಷ್ಟು ದೂರ ಬಂದು ಇದನ್ನೇ ನೋಡಬೇಕಾಯ್ತಲ್ಲ ಅನ್ನಿಸ್ತು ನಂಗೆ. ಆಮೇಲೆ ಗೊತ್ತಾಯ್ತು, ಬಲ್ಗೇರಿಯಾದೋರು, ಬಹಳಷ್ಟು ಜನ ಪ್ಲೊವ್‌ಡಿವ್ ಊರಿನ ಸ್ತೊಲಿಪಿನೊವೊ ಅನ್ನೋ ಕೇರಿಯಿಂದ ಬಂದ ರೋಮಾ ಜನ, ಜಿಪ್ಸಿಗಳು ಅಂತ ಹೀಗಳೀತಾರಲ್ಲ, ಅವರೇ. ಬಲ್ಗೇರಿಯಾ, ರೊಮೇನಿಯಾ ಯೂರೋಪಿಯನ್ ಯೂನಿಯನ್ ಸೇರಿದ್ದೂ 2007ರಲ್ಲೇ. ಪಾಸ್‌ಪೋರ್ಟ್ ಇತ್ತು, ಬರಬಹುದಿತ್ತು, ಇರಬಹುದಿತ್ತು, ಆದ್ರೆ ಯಾರ ಹತ್ರಾದ್ರೂ ಸಂಬಳಕ್ಕೆ ಸೇರ್ಕೋಬೇಕು ಅಂದ್ರೆ 2013 ಮುಗಿಯೋವರೆಗೂ ಪರ್ಮಿಟ್ ಬೇಕಿತ್ತು. ಹಂಗಾಗಿ ಒಬ್ಬೊಬ್ರೂ ಸ್ವಂತ ಬಿಸಿನೆಸ್ಸು ಅಂತ ಕಾಗದ ಮಾಡಿಸ್ಕೊಂಡು ದಿನಗೂಲಿ ಮಾಡೋರು, ಸಂಜೆ ಆ ವ್ಯಾನಿನೋನು ದುಡ್ಡು ಕೊಟ್ರೆ ಕೊಟ್ಟ ಇಲ್ಲಾಂದ್ರೆ ಇಲ್ಲ, ಕೇಳೋಕೆ ಯಾವ ಕಾಗದ. ವೀಸಾ ಬೇಕಿದ್ದ ನಾನು ಇವತ್ತು ಇಲ್ಲಿ ಸ್ವಂತ ಮನೆ ಮಾಡ್ಕೊಂಡಿದೀನಿ, ವೀಸಾನೇ ಬೇಡದ ಆ ಜನ ಇನ್ನೂ ಅಲ್ಲೇ. ಓದು ಅನ್ನೋದು ಏನು ಮಾಡುತ್ತೆ ಅಂತ ನಂಗೆ ಅರ್ಥ ಆಗಿದ್ದು ಆ ರಸ್ತೆಯಲ್ಲಿ.

ನಮ್ಮ ಕನ್ನಡ ಗ್ರೂಪುಗಳಲ್ಲೂ ಕೆಲವರು ಬರೀತಾರೆ, ಅಲ್ಲಿ ಜಿಪ್ಸಿಗಳು, ಕಳ್ಳರು, ಹೋಗ್ಬೇಡಿ ಅಂತ. ಊರಲ್ಲಿ ಕೇರಿ ಕಡೆ ಹೋಗ್ಬೇಡ ಅಂತಿದ್ದ ಬಾಯಿಗಳೇ ಇವು, ನಿಂಗೆ ಬಿಡಿಸಿ ಹೇಳ್ಬೇಕಾಗಿಲ್ಲ. ನೋರ್ಡ್‌ಸ್ಟಾಟಲ್ಲಿ ರೂಮ್ ತಗೋ. ರಾತ್ರಿ ಹೊತ್ತು ಬೆಂಗಳೂರಲ್ಲಿ ಎಷ್ಟು ಹುಷಾರಾಗಿರ್ತೀಯೋ ಅಷ್ಟಿದ್ರೆ ಸಾಕು. ಟರ್ಕಿಯೋರ ಅಂಗಡಿಲಿ ಕೊತ್ತಂಬ್ರಿ ದೊಡ್ಡ ಕಟ್ಟು ಸಿಗುತ್ತೆ, ಬೆಂಡೆಕಾಯಿ ಸಿಗುತ್ತೆ.

ಜರ್ಮನಿ ಬಡವಾಯ್ತಾ ಅಂದ್ರೆ, ಈ ಕಡೆ ಆಗಿದ್ದೇನು ಅಂತ ಹೇಳ್ತೀನಿ. ನಮ್ದು ಬಂಗಾರಪೇಟೆ. 2001ರ ಫೆಬ್ರವರಿಲಿ ಕೆಜಿಎಫ್ ಗಣಿ ಮುಚ್ಚಿದಾಗ ನಮ್ಮ ಮಾವನ ಮನೇಲಿ ಏನಾಯ್ತು ಅಂತ ಕಣ್ಣಾರೆ ಕಂಡಿದೀನಿ. ಇಲ್ಲಿ ಹೋರ್ಡೆ ಅಂತ ಏರಿಯಾ, ಅಲ್ಲಿದ್ದ ದೊಡ್ಡ ಉಕ್ಕಿನ ಕಾರ್ಖಾನೆ ಮುಚ್ಚಿದ್ದೂ ಅದೇ 2001ರಲ್ಲೇ. ಚೀನಾದೋರು ಬಂದು ಬಿಚ್ಚಿ ಹಡಗಿಗೆ ಹಾಕ್ಕೊಂಡು ಹೋದ್ರು, ಆ ಗುಂಡಿಗೆ 2010ರಲ್ಲಿ ನೀರು ಬಿಟ್ಟು ಕೆರೆ ಮಾಡಿದ್ರು, ಈಗ ಫೀನಿಕ್ಸ್ ಸೇ ಅಂತ ಅದರ ದಡದಲ್ಲಿ ಮನೆ ತಗೊಳ್ಳೋದು ಡಾಕ್ಟರು ಲಾಯರುಗಳಿಗೆ, ಫುಟ್‌ಬಾಲ್ ಆಡೋರಿಗೆ ಮಾತ್ರ ಆಗೋದು. ಭಾನುವಾರ ಹೋಗಿ ಐಸ್‌ಕ್ರೀಮ್ ತಿಂದು ಬಾ, ಆಮೇಲೆ ಎರಡು ಬೀದಿ ಹಿಂದಕ್ಕೆ ನಡಿ, ಉಕ್ಕಿನ ಕೆಲಸದೋರಿಗೆ ಕಟ್ಟಿದ ಹಳೇ ಬಿಲ್ಡಿಂಗು ಹಂಗೇ ಇವೆ. ಪಕ್ಕದ ಬಾಟ್ರೋಪಲ್ಲಿ ಕೊನೇ ಕಲ್ಲಿದ್ದಲು ಗಣಿ 2018ರ ಡಿಸೆಂಬರಲ್ಲಿ ಮುಚ್ತು. ಕೆಜಿಎಫ್‌ನಲ್ಲಿ ಕೆಲಸ ಹೋದೋರು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋದ್ರು, ಇಲ್ಲಿ ಕೆಲಸ ಹೋದೋರಿಗೆ ಸರ್ಕಾರ ದುಡ್ಡು ಕೊಡ್ತು. ಅಷ್ಟೇ ವ್ಯತ್ಯಾಸ, ದೊಡ್ಡ ವ್ಯತ್ಯಾಸಾನೇ ಬಿಡು. ಒಂಟಿ ಮನುಷ್ಯನಿಗೆ 2025ರಲ್ಲಿ ತಿಂಗಳಿಗೆ 563 ಯೂರೋ, ಮೇಲೆ ಬಾಡಿಗೆ ಬೇರೆ. ಹೊಟ್ಟೆಗಿಲ್ಲದೆ ಯಾರೂ ಸಾಯಲ್ಲ.

ಹಂಗಿದ್ರೆ ಬಡತನ ಎಲ್ಲಿ ಅಂತ ನಮ್ಮಪ್ಪನೂ ಕೇಳಿದ್ರು. ಯೂರೋಪಿಯನ್ ಯೂನಿಯನ್ ಲೆಕ್ಕದಲ್ಲಿ 2024ರಲ್ಲಿ 9 ಕೋಟಿ 33 ಲಕ್ಷ ಜನ, ನೂರಕ್ಕೆ 21, ಬಡತನದ ಅಥವಾ ಸಮಾಜದಿಂದ ಹೊರಗುಳಿಯೋ ಅಂಚಲ್ಲಿದ್ದಾರೆ. ಆ ಲೆಕ್ಕಕ್ಕೆ ಅವರು ಕೇಳೋ ಪ್ರಶ್ನೆ ನೋಡು: ಮನೆ ಬೆಚ್ಚಗಿಡಕ್ಕಾಗುತ್ತಾ, ಹಳೇ ಸೋಫಾ ಬದಲಾಯಿಸ್ತೀರಾ, ವರ್ಷಕ್ಕೊಂದು ವಾರ ಎಲ್ಲಾದ್ರೂ ಹೋಗಿಬರ್ತೀರಾ, ತಿಂಗಳಿಗೊಂದ್ಸಲ ಫ್ರೆಂಡ್ಸ್ ಜೊತೆ ಕೂತು ಏನಾದ್ರೂ ತಿಂದು ಕುಡೀತೀರಾ. ಅಪ್ಪ ನಕ್ಕುಬಿಟ್ರು, ಹಂಗಾದ್ರೆ ನಾನು ಹುಟ್ಟಿದಾಗಿಂದ ಬಡವನೇ ಕಣಮ್ಮ ಅಂತ. ಆದ್ರೆ ಆ ಕೊನೇ ಪ್ರಶ್ನೆ ಇದೆಯಲ್ಲ, ಅದೇ ಇಲ್ಲಿನ ಅಸಲಿ ವಿಷಯ. ಊರಲ್ಲಿ ದುಡ್ಡಿಲ್ದೋನೂ ಮದುವೆಗೆ ಹೋಗ್ತಾನೆ, ಜಗಲಿ ಮೇಲೆ ಕೂರ್ತಾನೆ, ಸಾಲ ಕೇಳಿ ಬೈಸ್ಕೋತಾನೆ. ಇಲ್ಲಿ ದುಡ್ಡು ಕಮ್ಮಿ ಆದೋನು ಮೊದಲು ಮಾಡೋದು ಬಾಗಿಲು ಹಾಕ್ಕೊಳ್ಳೋದು.

ನಾನು ಮುಂಚೆ ಇದ್ದ ಬಿಲ್ಡಿಂಗಲ್ಲಿ ಕೆಳಗಡೆ ಒಬ್ಬ ಅಜ್ಜಿ ಇದ್ರು, ಜೀವಮಾನ ಎಲ್ಲ ಆಫೀಸು ಕ್ಲೀನ್ ಮಾಡೋ ಸಣ್ಣ ಸಣ್ಣ ಕೆಲಸ ಮಾಡಿದೋರು, ಅಂಥ ಕೆಲಸಕ್ಕೆ ಪೆನ್ಷನ್ ಹೆಚ್ಚೇನೂ ಬರಲ್ಲ. ನಾನು ಚಿತ್ರಾನ್ನ ಉಪ್ಪಿಟ್ಟು ಏನಾದ್ರೂ ಮಾಡಿದ್ರೆ ಡಬ್ಬಿಲಿ ಕೊಡ್ತಿದ್ದೆ, ಅವರು ಡಬ್ಬಿನ ಖಾಲಿ ವಾಪಸ್ ಕೊಡ್ತಿರ್ಲಿಲ್ಲ, ಎರಡು ಬಿಸ್ಕೆಟ್ಟು, ಒಂದು ಸೇಬು, ನಮ್ಮಮ್ಮನ ಥರಾನೇ ಅಂತ ನಂಗೆ ಖುಷಿ. ಆಮೇಲೆ ತಿಂಗಳ ಕೊನೇಲಿ ಬೆಲ್ ಮಾಡಿದ್ರೆ ಒಳಗೆ ಟಿವಿ ಸದ್ದು ಕೇಳ್ತಿರೋದು, ಬಾಗಿಲು ತೆಗೀತಿರ್ಲಿಲ್ಲ. ಡಬ್ಬಿಗೆ ಹಾಕೋಕೆ ಏನೂ ಇರ್ತಿರ್ಲಿಲ್ಲ ಅವರ ಹತ್ರ, ಮೇಲಿನ ಮನೆಯಾಕೆ ಹೇಳಿದ್ಮೇಲೆ ಗೊತ್ತಾಯ್ತು. ವಯಸ್ಸಾದೋರಿಗೆ ಬೇರೆ ಸಹಾಯಧನ ಇದೆ, ಅರ್ಜಿ ಹಾಕಿದ್ರೆ ಮಗನ್ನ ಕೇಳ್ತಾರೆ ಅಂತ ಹೆದರಿಕೊಂಡು ಹಾಕಿರ್ಲಿಲ್ಲ. ಈಗಿನ ಕಾನೂನಲ್ಲಿ ಮಗನ ಆದಾಯ ವರ್ಷಕ್ಕೆ 1 ಲಕ್ಷ ಯೂರೋ ದಾಟಿದ್ರೆ ಮಾತ್ರ ಕೇಳ್ತಾರೆ. ಇಂಥೋರು ಬೇಕಾದಷ್ಟು ಜನ ಇದಾರೆ, ಅರ್ಜಿ ಅಂದ್ರೆ ಮಾನ ಹೋಗುತ್ತೆ ಅನ್ನೋರು.

ಬಾಟಲಿ ವಿಷಯ. ಪ್ಲಾಸ್ಟಿಕ್ ಬಾಟಲಿ, ಕ್ಯಾನು ವಾಪಸ್ ಮಷಿನ್‌ಗೆ ಹಾಕಿದ್ರೆ 25 ಸೆಂಟು, ಬಿಯರ್ ಬಾಟಲಿಗೆ 8 ಸೆಂಟು. ಫುಟ್‌ಬಾಲ್ ಮ್ಯಾಚ್ ದಿನ 81 ಸಾವಿರ ಜನ ಸ್ಟೇಡಿಯಂಗೆ ನಡ್ಕೊಂಡು ಹೋಗ್ತಾರೆ, ಆ ದಾರಿಲಿ ಬಾಟಲಿ ಹುಡುಕೋ ವಯಸ್ಸಾದೋರನ್ನ ನೋಡು, ಕೋಟ್‌ಗೆ ಇಸ್ತ್ರಿ ಹಾಕಿರ್ತಾರೆ, ಕೈಗೆ ಗ್ಲೌಸು, ಸಣ್ಣ ಟಾರ್ಚು, ಡಬ್ಬದೊಳಗೆ ಬಗ್ಗಿ ನೋಡೋಕೆ ಮುಂಚೆ ಸುತ್ತ ಒಂದ್ಸಲ ನೋಡ್ತಾರೆ. ನೀನು ಕುಡಿದ ಬಾಟಲಿ ಡಬ್ಬದೊಳಗೆ ಎಸೀಬೇಡ, ಪಕ್ಕದಲ್ಲಿ ನೆಟ್ಟಗೆ ನಿಲ್ಸು, ಕ್ಯಾನು ನಜ್ಜಬೇಡ, ನಜ್ಜಿದ್ರೆ ಮಷಿನ್ ತಗೊಳ್ಳಲ್ಲ. ಫೋಟೋ ತೆಗೀಬೇಡ ಕಣಪ್ಪಾ, ಅದೊಂದು. ಭಿಕ್ಷೆ ಕೊಡ್ಲಾ ಅಂದ್ರೆ ನಿನ್ನಿಷ್ಟ, ನಾನು ಬೋಡೋ ಅಂತ ಬೀದಿ ಮ್ಯಾಗಝಿನ್ ತಗೋತೀನಿ, ಬೆಲೆಯಲ್ಲಿ ಅರ್ಧ ಮಾರೋರಿಗೇ. ಸ್ಟೇಷನ್ನಲ್ಲಿ ಮಲಗಿರೋರು ಕಣ್ಣಿಗೆ ಕಾಣೋರು ಮಾತ್ರ, 2024ರ ಜನವರಿ ಕೊನೇಲಿ ದೇಶದಲ್ಲಿ ತಾತ್ಕಾಲಿಕ ವಸತಿಲಿದ್ದೋರೇ 4 ಲಕ್ಷದ 39 ಸಾವಿರ ಚಿಲ್ಲರೆ ಜನ.

ಟಾಫೆಲ್ ಅಂತ ಇದೆ, ಅಂಗಡಿಗಳಲ್ಲಿ ಉಳಿದ ತರಕಾರಿ ಬ್ರೆಡ್ಡು ಇಲ್ದೋರಿಗೆ ಕೊಡೋದು, 1993ರಲ್ಲಿ ಬರ್ಲಿನಲ್ಲಿ ಶುರುವಾಗಿದ್ದು ಈಗ 900ಕ್ಕಿಂತ ಜಾಸ್ತಿ ಕಡೆ ಇದೆ. ವೀಸಾಗೆ ಅಂತ ಒಂದು ವರ್ಷದ ಖರ್ಚಿನ ದುಡ್ಡು 11,904 ಯೂರೋ ಬ್ಯಾಂಕಲ್ಲಿ ಬ್ಲಾಕ್ ಮಾಡಿಸ್ಕೊಂಡು ಬರ್ತಿರೋ ನೀನು ದಯವಿಟ್ಟು ಉಳಿತಾಯಕ್ಕೆ ಅಂತ ಆ ಸಾಲಲ್ಲಿ ನಿಲ್ಬೇಡ, ಕೆನಡಾದಲ್ಲಿ ನಮ್ಮೋರು ಇಂಥ ಕಡೆ ಫ್ರೀ ದಿನಸಿ ತಗೊಳ್ಳೋದು ಹೆಂಗೆ ಅಂತ ವಿಡಿಯೋ ಹಾಕಿ ಮಾನ ಕಳೆದಿದ್ದು ಸಾಕು. ನಿಜವಾಗ್ಲೂ ಕಷ್ಟ ಬಂದ್ರೆ ಮಾತ್ರ ಮುಚ್ಚಿಡ್ದೆ ಹೋಗು.

ಈಗ ಮುಖ್ಯವಾಗಿ ಹೇಳ್ಬೇಕಾಗಿದ್ದು. ದಾವಣಗೆರೆ ಕಡೆಯ ಹುಡುಗ ಒಬ್ಬ ನಮ್ಮ ಯುಗಾದಿಗೆಲ್ಲ ಬರ್ತಿದ್ದ, ಒಳ್ಳೇ ಹುಡುಗ, ಹೋಳಿಗೆ ಲಟ್ಟಿಸೋಕೆ ಕೂರ್ತಿದ್ದ. ಥೀಸಿಸ್ ಲೇಟಾಯ್ತು, 30 ದಾಟ್ದ, 30 ದಾಟಿದ್ರೆ ಸ್ಟೂಡೆಂಟ್ ಇನ್ಶೂರೆನ್ಸ್ ರೇಟು ಹೋಗಿ ಹೆಚ್ಚುಕಮ್ಮಿ ಡಬಲ್ ಆಗುತ್ತೆ, ಅದು ಕಟ್ಟಕ್ಕಾಗ್ಲಿಲ್ಲ, ಆಮೇಲೆ ಸೆಮಿಸ್ಟರ್ ಫೀಸು ಕಟ್ಲಿಲ್ಲ, ಅದು ಕಟ್ಟದಿದ್ರೆ ಯೂನಿವರ್ಸಿಟಿಯಿಂದ ಹೆಸರು ತೆಗೀತಾರೆ, ಹೆಸರು ಹೋದ್ರೆ ಸೆಮಿಸ್ಟರ್ ಟಿಕೆಟ್ ಹೋಯ್ತು, ಟಿಕೆಟ್ ಇಲ್ದೆ ಟ್ರಾಮ್ ಹತ್ತಿದ, ಸಿಕ್ಕಿಬಿದ್ದ, 60 ಯೂರೋ ದಂಡ, ಮತ್ತೆ ಸಿಕ್ಕಿಬಿದ್ದ. ಒಂದು ಎಳೆ ಬಿಟ್ರೆ ಎಲ್ಲಾ ಬಿಚ್ಕೊಳ್ಳುತ್ತೆ ಇಲ್ಲಿ. ಊರಿಗೆ ಕೊಲೋನ್ ಚರ್ಚ್ ಮುಂದೆ ನಗ್ತಾ ನಿಂತಿರೋ ಫೋಟೋ ಕಳಿಸ್ತಿದ್ದ. ಯುಗಾದಿಗೆ ಬರೋದು ನಿಂತೋಯ್ತು, ಕೆಲಸ ಜಾಸ್ತಿ ಅಕ್ಕಾ ಅನ್ನೋನು.

ಅವನ ರೂಮ್‌ಮೇಟ್ ಫೋನ್ ಮಾಡಿ ಕರೆದ್ಮೇಲೆ ಹೋಗಿದ್ದು. ಒಂದು ಶೂ ಡಬ್ಬದ ತುಂಬ ಲೆಟರ್ರು, ಒಂದೂ ಒಡೆದಿರ್ಲಿಲ್ಲ. ಅಡಿಗೆ ಮನೆ ಟೇಬಲ್ ಮೇಲೆ ಸುರಿದು ಬಿಳೀದು ಒಂದು ಕಡೆ ಹಳದೀದು ಒಂದು ಕಡೆ ಜೋಡಿಸಿದ್ವಿ. ಹಳದಿ ಕವರ್ ಅಂದ್ರೆ ಕೋರ್ಟು ಕಚೇರಿದು. ಅದರ ಮೇಲೆ ಪೋಸ್ಟ್‌ಮ್ಯಾನ್ ತನ್ನ ಕೈಯಲ್ಲೇ ತಾರೀಖು ಬರೆದು ಡಬ್ಬಿಗೆ ಹಾಕಿ ಹೋಗ್ತಾನೆ, ನಿನ್ನ ಸಹಿ ಬೇಕಾಗಿಲ್ಲ, ನೀನು ಓದ್ದೇ ಇದ್ರೂ ನಿಂಗೆ ತಲುಪಿದ ಹಾಗೇ ಲೆಕ್ಕ, ಆ ತಾರೀಖಿಂದ ಎರಡು ವಾರದೊಳಗೆ ತಕರಾರು ಹಾಕದಿದ್ರೆ ಮುಗೀತು. ಅವನದ್ದು ಎಲ್ಲ ಮುಗಿದಿತ್ತು. ಟಿಕೆಟ್ ಇಲ್ದೆ ಪ್ರಯಾಣ ಇಲ್ಲಿ ಕ್ರಿಮಿನಲ್ ಕೇಸು, 1935ರ ಕಾನೂನು, ಕೋರ್ಟ್ ಹಾಕಿದ ದಂಡ ಕಟ್ಟದಿದ್ರೆ ಅದಕ್ಕೆ ಬದಲು ಜೈಲು. ಹಂಗೆ ಜೈಲಿಗೆ ಹೋಗೋರಲ್ಲಿ ಕೆಲಸ ಇಲ್ದೋರೇ ಜಾಸ್ತಿ, ಅವರ ದಂಡ ಕಟ್ಟಿ ಬಿಡಿಸೋಕೆ ಅಂತಲೇ ಫ್ರೈಹೈಟ್ಸ್‌ಫಾಂಡ್ಸ್ ಅನ್ನೋ ಸಂಸ್ಥೆ 2021ರಲ್ಲಿ ಹುಟ್ಕೊಂಡಿದೆ ಅಂದ್ರೆ ನೋಡು. ಕಾರಿತಾಸ್, ಡಿಯಾಕೋನಿ ಅಂತ ಚರ್ಚಿನೋರ ಸೇವಾ ಸಂಸ್ಥೆಗಳಿವೆ, ಎರಡೂ ಕಡೆ ಸಾಲದ ಸಲಹೆ ಅಂತ ಫ್ರೀ ಕೊಡ್ತಾರೆ, ಅಲ್ಲಿ ಕೂತಿದ್ದ ಹೆಂಗಸು ಆ ಡಬ್ಬ ನೋಡಿ ಹುಬ್ಬು ಕೂಡ ಏರಿಸ್ಲಿಲ್ಲ, ದಿನಾ ಇಂಥ ಡಬ್ಬ ನೋಡ್ತಾರೆ ಪಾಪ, ಫೋನ್ ಹಚ್ಚಿ ಕಂತಲ್ಲಿ ಕಟ್ಟೋಕೆ ಒಪ್ಪಿಸಿದ್ರು. ನಾವು ನಾಲ್ಕು ಮನೆಯೋರು ಸೇರಿ ಇನ್ಶೂರೆನ್ಸ್ ಬಾಕಿ ತುಂಬಿದ್ವಿ. ಈಗ ಬೆಂಗಳೂರಲ್ಲಿ ಕೆಲಸದಲ್ಲಿದಾನೆ, ದುಡ್ಡು ಪೂರ್ತಿ ವಾಪಸ್ ಕಳಿಸಿದ. ಆದ್ರೆ ಗ್ರೂಪಿಂದ ಎಕ್ಸಿಟ್ ಆದ, ನನ್ನ ಮೆಸೇಜಿಗೆ ಉತ್ತರ ಇಲ್ಲ, ಡಿಗ್ರಿ ಮುಗಿಸ್ದನೋ ಇಲ್ವೋ ಗೊತ್ತಿಲ್ಲ. ಅವತ್ತು ಶೂ ಡಬ್ಬ ಸುರಿದಾಗ ನಾವು ನೋಡಿದ್ವಲ್ಲ, ಅದಕ್ಕೇ ಇರ್ಬೇಕು.

ಹಂಗಾಗಿ ಬಂದ ಕೂಡ್ಲೇ ಲೆಟರ್ ಡಬ್ಬಿ ಮೇಲೆ ನಿನ್ನ ಹೆಸರು ಅಂಟಿಸು, ಇಲ್ಲಿ ಮನೆ ನಂಬರ್ ನೋಡಿ ಹಾಕಲ್ಲ, ಹೆಸರು ನೋಡಿ ಹಾಕ್ತಾರೆ. ದಿನಾ ತೆಗಿ. ಅರ್ಥ ಆಗದಿದ್ರೆ ಫೋಟೋ ತೆಗೆದು ನಂಗೆ ಕಳ್ಸು, ಎಷ್ಟೊತ್ತಿಗಾದ್ರೂ ಪರ್ವಾಗಿಲ್ಲ. ಮತ್ತೆ ಆ ರೂಮ್ ಓನರ್‌ನ ಈಗ್ಲೇ ಕೇಳು, ಆನ್‌ಮೆಲ್ಡುಂಗ್‌ಗೆ, ಅಂದ್ರೆ ಇಲ್ಲಿ ವಿಳಾಸ ರಿಜಿಸ್ಟರ್ ಮಾಡಿಸೋಕೆ, ಬೇಕಾದ ಕಾಗದಕ್ಕೆ ಸಹಿ ಹಾಕ್ತೀಯಾ ಅಂತ, ಇಲ್ಲ ಅಂದ್ರೆ ಎಷ್ಟೇ ಚೀಪಾಗಿದ್ರೂ ಬೇಡ, ವಿಳಾಸ ರಿಜಿಸ್ಟರ್ ಆಗದಿದ್ರೆ ವೀಸಾ ಮುಂದುವರಿಸೋದು, ಟ್ಯಾಕ್ಸ್ ನಂಬರು ಎಲ್ಲಾ ನಿಲ್ಲುತ್ತೆ. ಹೂಂ ಅಂದ್ರೂ ಅಡ್ವಾನ್ಸ್ ದುಡ್ಡು ಕಳಿಸ್ಬೇಡ, ವಿಳಾಸ ನಂಗೆ ಕೊಡು, ಶನಿವಾರ ಹೋಗಿ ನೋಡ್ಕೊಂಡು ಬರ್ತೀನಿ.